ರೆಸ್ಯೂಮೆ, ಮಾರ್ಕ್ಸ್ ಕಾರ್ಡ್ ಎಲ್ಲ ಒಂದೇ ಪಿಡಿಎಫ್: ಯಾವುದರಲ್ಲಿ ಮಾಡೋದು?

ಕೈಯಲ್ಲಿರೋದು ಬರೀ ಕಾಗದ ಅಂದ್ರೆ ಜಾಸ್ತಿ ಯೋಚಿಸಬೇಡಿ, ಗೂಗಲ್ ಡ್ರೈವ್ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಸ್ಕ್ಯಾನ್ ಒತ್ತಿ, ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೆ ಒಂದೊಂದೇ ಪುಟ ಸೇರಿಸುತ್ತಾ ಹೋದರೆ ಕೊನೆಗೆ ಒಂದೇ ಪಿಡಿಎಫ್ ಆಗುತ್ತದೆ. ಲ್ಯಾಮಿನೇಷನ್ ಮಾಡಿಸಿದ ಕಾರ್ಡ್ ಇದ್ದರೆ ಟ್ಯೂಬ್‌ಲೈಟ್ ಕೆಳಗೆ ಹಿಡಿಯಬೇಡಿ, ಬಿಳಿ ಗೆರೆ ಬಿದ್ದು ನಿಮ್ಮ ಅಂಕವೇ ಮಾಯ.

ಆದರೆ ರೆಸ್ಯೂಮೆ ಮೊದಲೇ ಪಿಡಿಎಫ್ ಆಗಿರುತ್ತದೆ ಅಲ್ವಾ? ಅದನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡೋರನ್ನ ನೋಡಿದ್ದೇನೆ, ಸುಮ್ನೆ ಕೆಲಸ. ಹಾಗೆ ಮಾಡಿದರೆ ಅಕ್ಷರ ಚಿತ್ರವಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ಐಲವ್‌ಪಿಡಿಎಫ್ ಅನ್ನೋ ವೆಬ್‌ಸೈಟ್ ಸುಲಭ: ಫೈಲ್‌ಗಳನ್ನು ಹಾಕಿ, ಎಳೆದು ಸಾಲು ಸರಿ ಮಾಡಿ, ಮರ್ಜ್ ಒತ್ತಿ. ಸೈಜ್ ಇಳಿಸೋ ಸೌಲಭ್ಯವೂ ಅಲ್ಲೇ ಇದೆ. ಒಂದೇ ತೊಂದರೆ, ನಿಮ್ಮ ಆಧಾರ್, ಪಾನ್ ಎಲ್ಲ ಬೇರೆಯವರ ಸರ್ವರ್‌ಗೆ ಹೋಗುತ್ತದೆ.

ಅದು ಬೇಡ ಅನ್ನೋರಿಗೆ ಪಿಡಿಎಫ್‌ಸ್ಯಾಮ್ ಬೇಸಿಕ್ ಅನ್ನೋ ಸಾಫ್ಟ್‌ವೇರ್ ಇದೆ. ಉಚಿತ, ಲ್ಯಾಪ್‌ಟಾಪ್‌ನಲ್ಲೇ ಕೆಲಸ, ಇಂಟರ್ನೆಟ್ ಬೇಡ. ಯಾವ ಫೈಲಿನಿಂದ ಯಾವ ಪುಟ ಬೇಕು ಅಂತ 1-2 ಎಂದು ಬರೆದೂ ಕೊಡಬಹುದು. ನೋಡೋಕೆ ಚೆಂದವಿಲ್ಲ, ಫೋಟೊ ತುಂಬಿದ ಫೈಲನ್ನು ಸಣ್ಣದೂ ಮಾಡಲ್ಲ. ಮ್ಯಾಕ್ ಇದ್ದರೆ ಅದರಲ್ಲೇ ಬರುವ ಪ್ರಿವ್ಯೂ ಆ್ಯಪ್ ಸಾಕು.

ಸೈಬರ್ ಸೆಂಟರ್? ಅರ್ಜೆಂಟಿಗೆ ಸರಿ. ನಾನೊಮ್ಮೆ ಹೋದಾಗ ಡೆಸ್ಕ್‌ಟಾಪ್ ಮೇಲೆ ಯಾರದೋ ಪಾಸ್‌ಬುಕ್, ಯಾರದೋ ಜಾತಿ ಪ್ರಮಾಣಪತ್ರ ಹಾಗೇ ಬಿದ್ದಿದ್ದವು. ಎದ್ದು ಬರುವ ಮುಂಚೆ ನಿಮ್ಮ ಫೈಲ್ ಅಳಿಸಿ, ರೀಸೈಕಲ್ ಬಿನ್‌ನಿಂದಲೂ.