ಡಿಶ್‌ವಾಷರ್‌ನ ಉಪ್ಪು ಖಾಲಿಯಾಗುತ್ತಿಲ್ಲವಾ? ಹಾಗಾದರೆ ಇದನ್ನು ಓದಿ

ಹೊಸದಾಗಿ ಡಿಶ್‌ವಾಷರ್ ತೆಗೆದುಕೊಂಡವರು ದಯವಿಟ್ಟು ಒಮ್ಮೆ ನೀರಿನ ಗಡಸುತನದ ಸೆಟ್ಟಿಂಗ್ ನೋಡಿಕೊಳ್ಳಿ. ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅಂತ ಮೆಷಿನ್‌ಗೆ ತಿಳಿಸುವ ಸಂಖ್ಯೆ ಅದು. ನಮ್ಮ ಮನೆಗೆ ಮೆಷಿನ್ ಜೋಡಿಸಲು ಬಂದವರು ಉಪ್ಪು ತುಂಬಿದರು, ಒಂದು ಸಲ ಓಡಿಸಿ ತೋರಿಸಿದರು. "ಉಪ್ಪಿನ ದೀಪ ಹತ್ತಿದಾಗ ಮತ್ತೆ ತುಂಬಿ, ಅಷ್ಟೇ" ಅಂದು ಹೊರಟರು. ನೀರು ಎಷ್ಟು ಗಡಸು ಅಂತ ಅಳೆಯಲೂ ಇಲ್ಲ, ಕೇಳಲೂ ಇಲ್ಲ. ತಿಂಗಳುಗಟ್ಟಲೆ ಆ ದೀಪ ಹತ್ತಲೇ ಇಲ್ಲ.

ಅಷ್ಟರಲ್ಲಿ ಗಾಜಿನ ಲೋಟಗಳು ಮಂಕಾದವು. ಸ್ಟೀಲ್ ತಟ್ಟೆಗಳಲ್ಲಿ ಹನಿ ಒಣಗಿದ ಕಡೆಯೆಲ್ಲ ಬಿಳಿ ಉಂಗುರ. ಫೋನ್ ಮಾಡಿದರೆ ಡಿಟರ್ಜೆಂಟ್ ಬದಲಿಸಿ ಅಂದರು. ಅದೂ ಆಯಿತು, ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲು ಹಾಕುವ ದ್ರವ) ಜಾಸ್ತಿ ಮಾಡಿದ್ದೂ ಆಯಿತು. ಕೊನೆಗೆ ನೀರು ಬಿಸಿಯಾಗುವುದೇ ನಿಂತುಹೋಯಿತು. ರಿಪೇರಿಗೆ ಬಂದ ಬೇರೊಬ್ಬರು ಮೊದಲು ಮಾಡಿದ ಕೆಲಸ, ಉಪ್ಪಿನ ಮುಚ್ಚಳ ತಿರುಗಿಸಿ ಬೆರಳು ಹಾಕಿದ್ದು. ಮೊದಲ ದಿನ ಹಾಕಿದ ಉಪ್ಪು ಕತ್ತಿನವರೆಗೆ ಹಾಗೇ ಇತ್ತು! ಸೆಟ್ಟಿಂಗ್ ಸೊನ್ನೆಯಲ್ಲಿತ್ತು. ಹೀಟರ್ ಮೇಲೆ ಸುಣ್ಣ ಗಟ್ಟಿಯಾಗಿ ಕೂತಿತ್ತು.

ಆ ಉಪ್ಪು ಪಾತ್ರೆ ತೊಳೆಯುವುದಕ್ಕಲ್ಲ. ಮೆಷಿನ್ ಒಳಗಿನ ಸಾಫ್ಟನರ್, ಅಂದರೆ ನೀರನ್ನು ಮೆದು ಮಾಡುವ ಭಾಗದಲ್ಲಿ, ರೆಸಿನ್ ಮಣಿಗಳಿರುತ್ತವೆ. ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುವುದು ಅವುಗಳ ಕೆಲಸ. ಮಣಿಗಳು ತುಂಬಿಹೋದಾಗ ಉಪ್ಪುನೀರು ಹಾಯಿಸಿ ಮತ್ತೆ ಸಜ್ಜು ಮಾಡಬೇಕು. ಎಷ್ಟು ಸಲಕ್ಕೊಮ್ಮೆ ಅನ್ನುವುದನ್ನು ಮೆಷಿನ್ ಸಾಮಾನ್ಯವಾಗಿ ನೀವು ಕೊಟ್ಟ ಗಡಸುತನದ ಸಂಖ್ಯೆ ನೋಡಿ ತೀರ್ಮಾನಿಸುತ್ತದೆ. ಸೊನ್ನೆ ಇಟ್ಟರೆ ಉಪ್ಪು ಮುಟ್ಟುವುದೇ ಇಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ದೀಪವೂ ಹತ್ತುವುದಿಲ್ಲ. ಗಡಸು ನೀರಿರುವ ಮನೆಯಲ್ಲಿ ಉಪ್ಪು ಖರ್ಚಾಗದಿದ್ದರೆ ಅದು ಉಳಿತಾಯ ಅಲ್ಲ.

ಗಡಸುತನ ಅಳೆಯುವುದಕ್ಕೆ ಸಣ್ಣ ಪರೀಕ್ಷಾ ಪಟ್ಟಿ (ಟೆಸ್ಟ್ ಸ್ಟ್ರಿಪ್) ಸಿಗುತ್ತದೆ. ನೀರಲ್ಲಿ ಅದ್ದಿ ಬಣ್ಣ ನೋಡಿದರೆ ಸಾಕು. ಟಿಡಿಎಸ್ ಮೀಟರ್ ಮಾತ್ರ ನಂಬಬೇಡಿ. ಅದು ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ, ಗಡಸುತನ ಬೇರೆ ಮಾಡಿ ಹೇಳುವುದಿಲ್ಲ. ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು ನೀರು, 180 ದಾಟಿದರೆ ತುಂಬಾ ಗಡಸು. ಕೈಪಿಡಿಯಲ್ಲಿ ಗಡಸುತನದ ಇನ್ನೊಂದು ಅಳತೆಯಾದ ಜರ್ಮನ್ ಡಿಗ್ರಿ ಕೊಟ್ಟಿದ್ದರೆ ಪಟ್ಟಿ ತೋರಿಸಿದ ಮಿಲಿಗ್ರಾಂ ಸಂಖ್ಯೆಯನ್ನು 17.8ರಿಂದ ಭಾಗಿಸಿ. ನೀರಿನ ಮೂಲ ಬದಲಾದಾಗ ಮತ್ತೆ ಅಳೆಯಬೇಕು.

ಹಾಗಂತ ಸುಮ್ನೆ ಸೆಟ್ಟಿಂಗ್ ತುದಿಗೆ ಏರಿಸಬೇಡಿ. ನೀರು ತೀರಾ ಮೆದುವಾದರೆ ಗಾಜು ನಿಧಾನವಾಗಿ ಸವೆಯುತ್ತದೆ, ಆ ಮಂಕು ವಾಪಸ್ ಹೋಗುವುದಿಲ್ಲ. ಯಾವ ಮಂಕು ಅಂತ ತಿಳಿಯಬೇಕಾ? ಲೋಟದ ಒಂದು ಕಡೆ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ. ತಿಳಿಯಾದರೆ ಸುಣ್ಣ. ಆಗದಿದ್ದರೆ ಗಾಜೇ ಸವೆದಿದೆ.

ಅಡಿಗೆ ಉಪ್ಪಂತೂ ಬೇಡವೇ ಬೇಡ. ಪುಡಿ ಉಪ್ಪು ಗಟ್ಟಿ ಕಟ್ಟುತ್ತದೆ. ಅದು ಉದುರಾಗಿರಲಿ ಅಂತ ಬೆರೆಸಿದ ಪದಾರ್ಥಗಳು ಸಾಫ್ಟನರ್‌ಗೆ ಒಳ್ಳೆಯದಲ್ಲ. ಡಿಶ್‌ವಾಷರ್‌ಗೆಂದೇ ಬರುವ ದಪ್ಪ ಹರಳಿನ ಶುದ್ಧ ಉಪ್ಪನ್ನೇ ಹಾಕಿ. ಇನ್ನು ಮೆಷಿನ್‌ನ ಉಪ್ಪಿನ ಡಬ್ಬಿಗೆ ಡಿಟರ್ಜೆಂಟ್ ಬಿತ್ತೋ, ಸಾಫ್ಟನರ್ ಕೆಟ್ಟಂತೆಯೇ. ಮಕ್ಕಳು ಸಹಾಯ ಮಾಡುವ ಮನೆಗಳಲ್ಲಿ ಇದನ್ನು ಹೇಳಿಕೊಡಿ.

ತುಂಬಿದ ಮೇಲೆ ಮುಚ್ಚಳ ಬಿಗಿಯಾಗಿ ತಿರುಗಿಸಿ, ಚೆಲ್ಲಿದ ಹರಳುಗಳನ್ನು ಒರೆಸಿ, ಆಗಲೇ ಒಮ್ಮೆ ಮೆಷಿನ್ ಓಡಿಸಿ. ರಾತ್ರಿಯಿಡೀ ಬಿಟ್ಟರೆ ಉಪ್ಪುನೀರು ಸ್ಟೀಲ್ ತಳಕ್ಕೆ ತುಕ್ಕು ಹಿಡಿಸಬಹುದು.