ಬಿಸಿಲೂರಿನಲ್ಲಿ ವಾಷರ್ ಡ್ರೈಯರ್: ಮೂರೂವರೆ ವರ್ಷ ಬಳಸಿದ ಮೇಲೆ

2022ರ ಜುಲೈನಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ತೊಡೆಯ ಎಲುಬಿಗೆ ಆಪರೇಷನ್ ಆಯಿತು. ಮೂರು ತಿಂಗಳು ಮಂಚದಲ್ಲೇ ಇದ್ದಳು. ಹಾಸಿಗೆ ಬಟ್ಟೆ ದಿನಕ್ಕೆ ಮೂರು ಸಲ ಬದಲಾಯಿಸಬೇಕಿತ್ತು. ಹೊರಗೆ ಬಿಡದ ಜಿಟಿಜಿಟಿ ಮಳೆ. ಮನೆ ತುಂಬ ಹಗ್ಗ ಕಟ್ಟಿದ್ದೆವು, ಹಗ್ಗದ ತುಂಬ ಹಸಿ ಬಟ್ಟೆ, ಎಲ್ಲದಕ್ಕೂ ಮುಗ್ಗಲು ವಾಸನೆ. ಆಗಸ್ಟ್‌ನಲ್ಲಿ ವಾಷರ್ ಡ್ರೈಯರ್, ಅಂದರೆ ಒಗೆದು ಒಣಗಿಸೋದು ಎರಡೂ ಮಾಡುವ ಮಷಿನ್, ತಂದೆವು.

ಕೊಳ್ಳುವಾಗ ಎಲ್ಲರೂ ಒಂದೇ ಮಾತು ಕೇಳಿದರು. ಕಲಬುರಗಿಯಲ್ಲಿ ಬಟ್ಟೆ ಒಣಗಿಸೋಕೆ ಮಷಿನ್ ಯಾಕೆ? ಮಂಚದ ಮೇಲಿದ್ದ ಅವ್ವ ಕೂಡ, "ತಮ್ಮಾ, ನಮ್ಮೂರ ಬಿಸಲಿಗಿಂತ ದೊಡ್ಡ ಮಷಿನ್ ಯಾವುದದ?" ಅಂದಳು. ಅವಳ ಮಾತು ನಿಜ. ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಬೆಡ್‌ಶೀಟ್ ಹಾಕಿ, ಕೆಳಗೆ ಬಂದು ಚಹಾ ಕುಡಿದು ಮತ್ತೆ ಮೇಲೆ ಹೋದರೆ ಗರಿಗರಿಯಾಗಿ ಒಣಗಿರುತ್ತದೆ. ವರ್ಷದ ಎಂಟು ತಿಂಗಳು ನಮಗೆ ಡ್ರೈಯರ್ ಬೇಕಿಲ್ಲ. ಉಳಿದ ನಾಲ್ಕು ತಿಂಗಳ ಕಥೆ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಫ್ರಂಟ್ ಲೋಡ್. ಒಗೆಯೋದು 8 ಕೆಜಿ, ಒಣಗಿಸೋದು 5 ಕೆಜಿ, ಸ್ಪಿನ್ 1400, ಅಂದರೆ ಹಿಂಡುವಾಗ ಡ್ರಮ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುತ್ತದೆ. ಈ 8 ಮತ್ತು 5ರ ವ್ಯತ್ಯಾಸವನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಬಟ್ಟೆ ಒಣಗಬೇಕಾದರೆ ಡ್ರಮ್ಮಿನಲ್ಲಿ ಬಿಸಿ ಗಾಳಿ ಆಡೋಕೆ ಜಾಗ ಬೇಕು. ಹಾಗಾಗಿ 8 ಕೆಜಿ ತುಂಬಿ ಒಗೆದರೆ, ಅರ್ಧ ಹೊರಗೆ ತೆಗೆದು ಎರಡು ಕಂತಿನಲ್ಲಿ ಒಣಗಿಸಬೇಕು. ಒಗೆದು ಒಣಗಿಸೋದು ಒಂದೇ ಸಲಕ್ಕೆ ಆಗಬೇಕಾದರೆ ಮೊದಲೇ 5 ಕೆಜಿ ಮಾತ್ರ ಹಾಕಬೇಕು. ನಿಮ್ಮ ಮನೆಗೆ ಮಷಿನ್ ಸಾಕಾಗುತ್ತದಾ ಅಂತ ನೋಡುವಾಗ ಚಿಕ್ಕ ಅಂಕಿಯನ್ನೇ ನೋಡಿ.

ಈಗ ಕರೆಂಟ್ ವಿಷಯ. ಮೊದಲ ವಾರವೇ 16 ಆಂಪ್‌ನ ಒಂದು ಚಿಕ್ಕ ಮೀಟರ್ ತಂದು ಪ್ಲಗ್‌ಗೆ ಹಾಕಿ ಬರೆದಿಟ್ಟೆ. ನೀರು ಬಿಸಿ ಮಾಡದೆ ಒಗೆದರೆ 0.2 ಯುನಿಟ್. 40 ಡಿಗ್ರಿಯಲ್ಲಿ 0.7. 60 ಡಿಗ್ರಿಯಲ್ಲಿ 1.2. ಐದು ಕೆಜಿ ಒಣಗಿಸೋಕೆ ಮಾತ್ರ 3.3! ಒಗೆಯೋದರಲ್ಲಿ ಎಷ್ಟೇ ಉಳಿಸಿದರೂ ಒಣಗಿಸೋದರಲ್ಲಿ ಎಲ್ಲಾ ಹೋಗುತ್ತದೆ. ಮಷಿನ್ ಮೇಲಿದ್ದ ಸ್ಟಾರ್ ಲೇಬಲ್‌ನಲ್ಲಿ ಒಗೆಯುವ ಲೆಕ್ಕ ಮಾತ್ರ ಇತ್ತು. ಯುರೋಪಿನಲ್ಲಿ 2021ರಿಂದ ವಾಷರ್ ಡ್ರೈಯರ್ ಲೇಬಲ್ ಮೇಲೆ ಬರೀ ಒಗೆದರೆ ಎಷ್ಟು, ಒಗೆದು ಒಣಗಿಸಿದರೆ ಎಷ್ಟು ಅಂತ ಎರಡೂ ಬೇರೆ ಬೇರೆ ಹಾಕುತ್ತಾರೆ. ಕೊಳ್ಳೋರಿಗೆ ಬೇಕಾಗಿರೋದು ಅದೇ. ನೀವು ಅಂಗಡಿಗೆ ಹೋದಾಗ ಸ್ಟಾರ್ ನೋಡಿ ಸುಮ್ಮನಾಗಬೇಡಿ. ಪೂರ್ತಿ ಒಂದು ಸಲ ಒಗೆದು ಒಣಗಿಸೋಕೆ ಎಷ್ಟು ಯುನಿಟ್ ಅಂತ ಕೇಳಿ, ಮ್ಯಾನ್ಯುಯಲ್ ತೆಗೆಸಿ ನೋಡಿ.

ಇಷ್ಟು ಕರೆಂಟ್ ಯಾಕೆ ಎಳೆಯುತ್ತದೆ ಅಂತ ತಿಳಿಯೋಕೆ ಬಟ್ಟೆಯನ್ನೇ ತೂಗಿದೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಇತ್ತು. ಒಣಗಿದ 5 ಕೆಜಿ ಬೆಡ್‌ಶೀಟ್, ಟವೆಲ್ಲು 800 ಸ್ಪಿನ್ ಆದ ಮೇಲೆ 8.4 ಕೆಜಿ ತೂಗಿತು. ಅದೇ ಗಂಟು 1400 ಸ್ಪಿನ್ ಆದ ಮೇಲೆ 7.5. ಅಂದರೆ ಒಂದು ಲೀಟರಿಗೆ ಸ್ವಲ್ಪ ಕಮ್ಮಿ ನೀರನ್ನು ಬರೀ ತಿರುಗಿಸಿಯೇ ಹಿಂಡಿ ಹಾಕಿತು. ಒಂದು ಲೀಟರ್ ನೀರನ್ನು ಆವಿ ಮಾಡೋಕೆ ಎಷ್ಟೇ ಜಾಣ ಹೀಟರ್ ಆದರೂ 0.6 ಯುನಿಟ್ ಮೇಲೆ ಬೇಕೇ ಬೇಕು. ನಮ್ಮ ಮಷಿನ್‌ಗೆ ಅದರ ಎರಡು ಪಟ್ಟು ಹಿಡಿಯುತ್ತದೆ, ಡ್ರಮ್ಮೂ ಕಾಯಬೇಕಲ್ವಾ. ಸ್ಪಿನ್‌ಗೆ ತಗಲುವ ಕರೆಂಟ್ ಇದರ ಮುಂದೆ ಏನೂ ಅಲ್ಲ. 1000 ಸ್ಪಿನ್‌ನ ವಾಷರ್ ಡ್ರೈಯರ್ ಎರಡು ಸಾವಿರ ಅಗ್ಗಕ್ಕೆ ಸಿಕ್ಕರೂ ನಾನು ತಗೊಳ್ಳೋದಿಲ್ಲ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಒಣಗಿಸುವಾಗಲೂ ಈ ಮಷಿನ್ ನೀರು ಕುಡಿಯುತ್ತದೆ. ಬಟ್ಟೆಯಿಂದ ಎದ್ದ ಹಬೆಯನ್ನು ತಣ್ಣೀರು ಬಿಟ್ಟು ಮತ್ತೆ ನೀರು ಮಾಡಿ ಹೊರಗೆ ಹಾಕುತ್ತದೆ. ಹೊರಹೋಗುವ ಪೈಪನ್ನು ಬಕೆಟ್‌ಗೆ ಬಿಟ್ಟು ನೋಡಿದೆ. ಸೆಪ್ಟೆಂಬರ್‌ನಲ್ಲಿ 18 ಲೀಟರ್ ಬಕೆಟ್ ಎರಡು ತುಂಬಿ ಮೂರನೆಯದು ಅರ್ಧ ಆಯಿತು. ಮೇ ತಿಂಗಳಲ್ಲಿ ಮೂರೂವರೆ ಬಕೆಟ್ ದಾಟಿತು, ಒಣಗೋಕೆ ಮುಕ್ಕಾಲು ಗಂಟೆ ಜಾಸ್ತಿಯೂ ಹಿಡಿಯಿತು. ಕಾರಣ ನಮ್ಮ ಮಾಳಿಗೆ ಮೇಲಿನ ಟ್ಯಾಂಕ್. ಬೇಸಿಗೆ ಮಧ್ಯಾಹ್ನ ನಳ ತಿರುಗಿಸಿದರೆ ಕೈ ಸುಡುವಂಥ ನೀರು. ಬಿಸಿ ನೀರಿನಿಂದ ಹಬೆ ತಣ್ಣಗಾಗೋದು ಹೇಗೆ? ನಳದ ನೀರು ದಿನಾ ಬಾರದ ಊರಲ್ಲಿ ಇದು ಸಣ್ಣ ವಿಷಯ ಅಲ್ಲ.

ಅದೇ ಟ್ಯಾಂಕ್ ಒಗೆಯೋಕೆ ಮಾತ್ರ ವರ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ತಣ್ಣೀರಿನ ಪ್ರೋಗ್ರಾಮ್ ಹಾಕಿದರೆ ಒಳಗೆ ಹೋಗೋದು ಹದವಾದ ಬಿಸಿನೀರು. 40 ಡಿಗ್ರಿಯ ಕೆಲಸ 0.2 ಯುನಿಟ್‌ನಲ್ಲಿ ಮುಗಿಯುತ್ತದೆ. ಅಂಗಿ ಕಾಲರ್ ಮೇಲಿನ ಎರೆಮಣ್ಣಿನ ಧೂಳು ಚೆನ್ನಾಗಿ ಬಿಡುತ್ತದೆ.

ಬಿಲ್ ಬಗ್ಗೆ ಹೇಳಲೇಬೇಕು. ಗೃಹಜ್ಯೋತಿಗೆ 2023ರ ಆಗಸ್ಟ್ 5ರಂದು ಚಾಲನೆ ಕೊಟ್ಟಿದ್ದು ನಮ್ಮ ಕಲಬುರಗಿಯಲ್ಲೇ. 2022-23ರಲ್ಲಿ ನಮ್ಮ ಮನೆಯ ಸರಾಸರಿ ತಿಂಗಳಿಗೆ 128 ಯುನಿಟ್ ಇತ್ತು. ಅದರ ಮೇಲೆ ಶೇಕಡ 10 ಸೇರಿ 140ರ ತನಕ ಫ್ರೀ. ಅದನ್ನು ಮೀರಿದರೆ ಮೀರಿದ ಯುನಿಟ್‌ಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಮಳೆಗಾಲದಲ್ಲಿ ಹತ್ತು ಹನ್ನೆರಡು ಸಲ ಡ್ರೈಯರ್ ಹಾಕಿದರೂ ನಾವು 175ರ ಒಳಗೇ ಇರುತ್ತೇವೆ. 2024ರ ಮೇನಲ್ಲಿ ತಂಗಿ ಮಕ್ಕಳನ್ನು ಕರೆದುಕೊಂಡು ರಜೆಗೆ ಬಂದಿದ್ದಳು. ಕೂಲರ್ ಹಗಲು ರಾತ್ರಿ ಓಡುತ್ತಿತ್ತು. ರಾತ್ರಿ ಮಾಳಿಗೆ ಹತ್ತೋಕೆ ಬೇಸರವಾಗಿ ಐದಾರು ಸಲ ಡ್ರೈಯರ್ ಹಾಕಿಬಿಟ್ಟೆವು. ಮೀಟರ್ 207 ತೋರಿಸಿತು. ಬಿಲ್ ಒಂದೂವರೆ ಸಾವಿರ ದಾಟಿತ್ತು. ಆ ಡ್ರೈಯರ್ ಹಾಕದೇ ಇದ್ದಿದ್ದರೆ 190ರ ಒಳಗೇ ಇರುತ್ತಿದ್ದೆವು. ಅವತ್ತಿನಿಂದ ಬೇಸಿಗೆಯಲ್ಲಿ ಒಣಗಿಸುವ ಬಟನ್ ಮುಟ್ಟಿಲ್ಲ.

ಮಳೆಗಾಲಕ್ಕೂ ನನ್ನ ಹೆಂಡತಿ ಒಂದು ದಾರಿ ಕಂಡುಕೊಂಡಿದ್ದಾಳೆ. 1400 ಸ್ಪಿನ್ ಆದ ಬಟ್ಟೆಯನ್ನು ಸ್ಟ್ಯಾಂಡ್ ಮೇಲೆ ಬಿಡಿಬಿಡಿಯಾಗಿ ಹರವಿ, ಮಲಗುವಾಗ ಫ್ಯಾನ್ ಕೆಳಗೆ ಇಡುತ್ತಾಳೆ. ಹಳೆಯ 75 ವ್ಯಾಟ್ ಫ್ಯಾನ್ ಎಂಟು ಗಂಟೆ ತಿರುಗಿದರೂ 0.6 ಯುನಿಟ್. ಹೇಗೂ ನಾವು ಮಲಗಿದಾಗ ಫ್ಯಾನ್ ಇರುತ್ತದೆ. ಬೆಳಿಗ್ಗೆ ತೆಳು ಬಟ್ಟೆ ಒಣಗಿರುತ್ತದೆ. ಜೀನ್ಸ್, ಟವೆಲ್, ಅವ್ವನ ದಪ್ಪ ಹಾಸು ಮಾತ್ರ ಡ್ರೈಯರ್‌ಗೆ ಹೋಗುತ್ತದೆ.

ತೊಂದರೆ ಬಂದಿಲ್ಲ ಅಂತಲ್ಲ. ಫಿಟ್ ಮಾಡೋಕೆ ಬಂದವರು ಮಾಮೂಲಿ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಚುಚ್ಚಿ ಹೋದರು. ನಾಲ್ಕನೇ ದಿನ ಪ್ಲಗ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂತು. 2000 ವ್ಯಾಟ್ ಹೀಟರ್ ಗಂಟೆಗಟ್ಟಲೆ ಓಡುತ್ತದೆ. 16 ಆಂಪ್ ಸಾಕೆಟ್‌ಗೆ ಬೇರೆಯೇ ವೈರ್ ಎಳೆಸಿ, ಅರ್ಥಿಂಗ್ ನೋಡಿಸಿ, ಆಮೇಲೆ ಮಷಿನ್ ತನ್ನಿ. ಇನ್ನೊಮ್ಮೆ ಒಣಗಿಸುವಾಗ ಅರ್ಧದಲ್ಲೇ ಕರೆಂಟ್ ಹೋಯಿತು. ಒಳಗೆ ಬಿಸಿ ಇರುವ ತನಕ ಬಾಗಿಲು ತೆರೆಯೋದಿಲ್ಲ. ಬಟ್ಟೆ ಮುದ್ದೆಯಾಗಿ ಸುಕ್ಕು ಬಿದ್ದಿತ್ತು. ಇದನ್ನು ಮನೆಯ ಇನ್ವರ್ಟರ್ ಎಳೆಯೋದಿಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ನೀರು. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲೇ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಫ್ಯಾಕ್ಟರಿ ಬಂದಿದ್ದೂ ಆ ಕಲ್ಲಿನಿಂದಲೇ. ನಮ್ಮ ಬಡಾವಣೆಯ ಬೋರ್‌ನೀರೂ ಗಡಸು. ನಳದ ನೀರು ಬಾರದ ದಿನ ಟ್ಯಾಂಕ್‌ಗೆ ಅದೇ ಹತ್ತುತ್ತದೆ. ಎರಡನೇ ವರ್ಷಕ್ಕೆ ನೀರು ಕಾಯಿಸುವ ಹೀಟರ್ ಕೈಕೊಟ್ಟಿತು. ಮೆಕ್ಯಾನಿಕ್ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದ. ಹೀಟರ್ ಕೊಳವೆಯ ಸುತ್ತ ಬಿಳಿ ಸುಣ್ಣ ಹರಳುಗಟ್ಟಿ ಹೆಬ್ಬೆರಳಿನಷ್ಟು ದಪ್ಪ ಆಗಿತ್ತು. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆ ಬೀಳುತ್ತಿತ್ತು. ಆ ಸುಣ್ಣದ ಪದರ ಬಿಸಿಯನ್ನು ಬೇಗ ನೀರಿಗೆ ಬಿಡೋದಿಲ್ಲ, ಹೀಟರ್ ತಾನೇ ವಿಪರೀತ ಕಾದು ಸುಟ್ಟುಹೋಗುತ್ತದೆ. ಈಗ ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ 60 ಡಿಗ್ರಿಯಲ್ಲಿ ತಿರುಗಿಸುತ್ತೇನೆ. ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಕೂತ ನೂಲಿನ ಜೊಂಡನ್ನು ಪ್ರತಿ ಸಲ ಒರೆಸುತ್ತೇನೆ. ಅಂದಹಾಗೆ, ಕೌದಿಯನ್ನು ಇದಕ್ಕೆ ಹಾಕಬೇಡಿ. ನೀರು ಹೀರಿ ಒಂದೇ ಕಡೆ ಭಾರವಾಗಿ ಮಷಿನ್ ಕುಣಿಯುತ್ತದೆ, ಕೈಹೊಲಿಗೆಯೂ ಹಾಳಾಗುತ್ತದೆ.

ಇವತ್ತು ಮತ್ತೆ ಕೊಳ್ಳಬೇಕಾದರೆ? ಮಾಳಿಗೆ ಇದೆ, ಮನೆಯಲ್ಲಿ ಹಾಸಿಗೆ ಹಿಡಿದವರಿಲ್ಲ, ಕೂಸಿಲ್ಲ ಅಂದರೆ 1400 ಸ್ಪಿನ್‌ನ ಒಳ್ಳೆ ಸ್ಟಾರ್ ಇರುವ ಬರೀ ಫ್ರಂಟ್ ಲೋಡ್ ತಗೊಳ್ಳಿ, ಉಳಿದ ದುಡ್ಡಲ್ಲಿ ಕಮ್ಮಿ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್ ತನ್ನಿ. ಬಿಸಿಲೇ ಬೀಳದ ಫ್ಲಾಟ್, ದಿನಾ ಒಣಗಿಸಲೇಬೇಕು ಅಂದರೆ ಹೀಟ್ ಪಂಪ್ ಇರುವ ಮಾದರಿ ಹುಡುಕಿ. ಅದು ಫ್ರಿಜ್‌ನ ಹಾಗೆ ಕಂಪ್ರೆಸರ್ ಇಟ್ಟುಕೊಂಡು ಅದೇ ಬಿಸಿಯನ್ನು ಮತ್ತೆ ಮತ್ತೆ ಬಳಸುತ್ತದೆ. ಕರೆಂಟ್ ಸುಮಾರು ಅರ್ಧ ಸಾಕು. ಬೆಲೆ ಜಾಸ್ತಿ, ಆದರೆ ದಿನಾ ಬಳಸುವವರಿಗೆ ಅದೇ ಸರಿ. ನಮ್ಮ ಹಾಗೆ ವರ್ಷಕ್ಕೆ ನಲವತ್ತು ಸಲ ಒಣಗಿಸೋರಿಗೆ ಈಗಿರೋದೇ ಸಾಕು.

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ತುಂಬಿ ಹರಿದಾಗ ನಮ್ಮಲ್ಲಿ ಬಿಸಿಲೇ ಕಾಣದ ದಿನಗಳಿದ್ದವು. ಅವ್ವ ಈಗ ಕೋಲು ಹಿಡಿದು ಓಡಾಡುತ್ತಾಳೆ. ಆಗ ಮಷಿನ್ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಿಸಿ ಟವೆಲ್ ತೆಗೆದು ಕೈಗೆ ಕೊಟ್ಟರೆ ಮೊಣಕಾಲ ಮೇಲೆ ಹಾಸಿಕೊಂಡು, "ಇದೊಂದು ಇರಲಿ ತಮ್ಮಾ, ಆಮ್ಯಾಲ ಮಡಚ್ತೀನಿ" ಅಂದಳು.