ಬಿಎಸ್‌ಸಿ ಪ್ರಾಜೆಕ್ಟ್: ಲೈವ್ ಆಗಿ ಹೇಳುವುದಾ, ವಿಡಿಯೋ ಕಳಿಸುವುದಾ?

2020ರ ಮಾರ್ಚ್ 25ರ ಲಾಕ್‌ಡೌನ್ ನಂತರ ಬಿಎಸ್‌ಸಿ ಪ್ರಾಜೆಕ್ಟ್ ಮಂಡನೆಗಳೂ ಆನ್‌ಲೈನ್ ಆಗಿದ್ದವು. ನಿಮ್ಮದೂ ಆನ್‌ಲೈನ್ ಆಗಿದ್ದು, ಜೂಮ್‌ನಲ್ಲಿ ನೇರವಾಗಿ ಮಾತಾಡಬೇಕಾ, ಮೊದಲೇ ವಿಡಿಯೋ ಮಾಡಿ ಕಳಿಸಬೇಕಾ ಅನ್ನುವ ಆಯ್ಕೆ ನಿಮ್ಮದೇ ಆಗಿದ್ದರೆ, ಮೊದಲು ಮನೆಯ ನೆಟ್‌ವರ್ಕ್ ನೋಡಿ. ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಮಲೆನಾಡಿನ ಹುಡುಗಿಗೆ ಲೈವ್ ಅಂದರೆ ಸುಮ್ನೆ ಹಿಂಸೆ.

ವಿಡಿಯೋದಲ್ಲಿ ತಪ್ಪಿದರೆ ಮತ್ತೆ ರೆಕಾರ್ಡ್ ಮಾಡಬಹುದು, ಪವರ್‌ಪಾಯಿಂಟ್‌ನಲ್ಲೇ ಒಂದೊಂದು ಸ್ಲೈಡಿಗೂ ದನಿ ಸೇರಿಸಬಹುದು, ರಾತ್ರಿ ನೆಟ್ ಚೆನ್ನಾಗಿದ್ದಾಗ ಅಪ್‌ಲೋಡ್ ಮಾಡಬಹುದು. ಆದರೆ ಎದುರಿಗೆ ಯಾರೂ ಇರುವುದಿಲ್ಲ. ಪ್ರಶ್ನೆ ಬರುವುದಿಲ್ಲ.

ಲೈವ್‌ನ ಬೆಲೆ ಇರುವುದೇ ಅಲ್ಲಿ. "ಕಂಟ್ರೋಲ್ (ಹೋಲಿಕೆಗೆ ಇಟ್ಟುಕೊಂಡ, ಬದಲಾವಣೆ ಮಾಡದ ಗುಂಪು) ಎಲ್ಲಿ?", "ಸ್ಯಾಂಪಲ್ ಇಷ್ಟು ಕಡಿಮೆ ಯಾಕೆ?" ಅಂತ ಕೇಳಿದಾಗ ನಮ್ಮ ಕೆಲಸ ನಮಗೇ ಹೊಸದಾಗಿ ಕಾಣುತ್ತದೆ, ಅಲ್ವಾ? ಲ್ಯಾಬ್ ಮುಚ್ಚಿ ಪ್ರಯೋಗ ಅರ್ಧಕ್ಕೆ ನಿಂತಿದ್ದರಂತೂ, ಸಿಕ್ಕ ಅರ್ಧ ಡೇಟಾದಿಂದ ಏನು ಹೇಳಬಹುದು, ಏನು ಹೇಳಬಾರದು ಅನ್ನುವುದನ್ನು ಮಾತಿನಲ್ಲೇ ಬಿಡಿಸಿ ಹೇಳಬೇಕು. ಉಚಿತ ಜೂಮ್‌ನಲ್ಲಿ ಗುಂಪಿಗೆ 40 ನಿಮಿಷ ಮಾತ್ರ, ನೆನಪಿರಲಿ.

ನೆಟ್ ಸ್ವಲ್ಪ ಪರವಾಗಿಲ್ಲ ಅನ್ನುವಂತಿದ್ದರೂ ನಾನು ಲೈವ್ ಅಂತಲೇ ಹೇಳುತ್ತೇನೆ. ಸ್ಲೈಡ್‌ಗಳ ಪಿಡಿಎಫ್ ಅನ್ನು ಗೈಡ್‌ಗೆ ಮೊದಲೇ ಕಳಿಸಿಡಿ. ಸ್ಕ್ರೀನ್ ಶೇರ್ ಕೈಕೊಟ್ಟರೆ ಕ್ಯಾಮೆರಾ ಆಫ್ ಮಾಡಿ ಮಾತು ಮುಂದುವರಿಸಬಹುದು.